ಮರಳ ಮೇಲಿನ ಬೆರಳು



1623ನೇ ಇಸವಿ. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯೂ ಘಟ್ಟ ಹತ್ತಿದ. ದಾರಿಯಲ್ಲಿ ಒಂದು ಗುಡಿಯ ಜಗಲಿ. ನೆಲದ ಮೇಲೆ ನುಣ್ಣನೆಯ ಮರಳು, ಸುತ್ತ ನಾಲ್ವರು ಹುಡುಗರು. ಒಬ್ಬ ರಾಗವಾಗಿ ಲೆಕ್ಕ ಹೇಳುತ್ತ, ಹೇಳಿದ್ದನ್ನೇ ಬೆರಳಿನಿಂದ ಮರಳಲ್ಲಿ ಬರೆಯುವನು. ಉಳಿದವರೂ ಅದೇ ರಾಗ ಹಿಡಿದು ಬರೆಯುವರು. ನೆಲ ತುಂಬಿತೋ, ಅಳಿಸಿ ಮತ್ತೆ ಮರಳು ಹರಡುವರು. ಎದುರಿಗೆ ಪಾಠ ಹೇಳುವ ಐಗಳಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಪಿಯೆತ್ರೊ ಕೇಳಿದ. ನಾಲ್ವರೂ ಒಟ್ಟಿಗೇ ಮರೆಯುವುದುಂಟೆ ಎಂಬರ್ಥದ ಉತ್ತರ ಬಂತು.

ನನಗೆ ಆ ಹುಡುಗರ ಮೇಲೆ ಬಲು ಪ್ರೀತಿ. ಅಕ್ಷರದ ಮೇಲೆ ಬೆರಳಾಡಿಸುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಮಾತು. ಅವರು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದರು.

ಸರಿಯಾಗಿ ಇನ್ನೂರು ವರ್ಷ ದಾಟಿ 1823ಕ್ಕೆ ಬನ್ನಿ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮದರಾಸಿಗೆ ಒಂದು ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಮಗು ಐದರ ವಯಸ್ಸಿಗೆ ಮಠ, ಅಂದರೆ ಊರಿನ ಶಾಲೆ, ಸೇರಿ ಮೊದಲು ಮರಳಲ್ಲಿ ತಿದ್ದಬೇಕು. ಕೈ ಪಳಗಿದ ಮೇಲೆ ಓಲೆಗರಿ ಮತ್ತು ಅದರ ಮೇಲೆ ಗೀರಿ ಬರೆಯುವ ಕಂಟ, ಇಲ್ಲವೇ ಹಲಗೆ, ಕಡತ. ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಖರ್ಚು ಎಷ್ಟು ಕಡಿಮೆ ನೋಡಿ! ಮುಂದಿನ ಪಾಠದ ಹುಡುಗ ಹಿಂದಿನವನಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿದ. ಅದಕ್ಕೂ ಮೊದಲೇ ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮರಳಲ್ಲಿ ಬರೆಯುವ ಇಲ್ಲಿನ ಮಕ್ಕಳನ್ನು ಕಂಡು, ಅದನ್ನೇ ತನ್ನ ಶಾಲೆಯಲ್ಲಿ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಮಾಡಿಸಿದ್ದ. ಇಂಗ್ಲೆಂಡಿನ ಬಡಮಕ್ಕಳೂ ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿದರು.

ಆದರೆ ಕ್ಯಾಂಪ್‌ಬೆಲ್ ಒಂದು ಕೊರತೆಯನ್ನೂ ಬರೆದ. ಮಠದಲ್ಲಿ ಓದಿಸುತ್ತಿದ್ದುದು ಆಡುಮಾತಿಗೆ ದೂರವಾದ ಪದ್ಯ. ಮಗು ಇಂಪಾಗಿ ಹಾಡೀತು, ಅರ್ಥ ಗೊತ್ತಿಲ್ಲ. ಹಲವೆಡೆ ಕಲಿಸುವವರಿಗೂ ಗೊತ್ತಿರಲಿಲ್ಲ. ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಮುಚ್ಚಿಡಬಾರದು. ಕೈ ಕಲಿಯಿತು, ಕಿವಿ ಕಲಿಯಿತು, ಬುದ್ಧಿ ಹೊರಗೇ ಕಾದಿತ್ತು.

ಆಮೇಲೆ ಸರಕಾರಿ ಶಾಲೆ, ಅಚ್ಚಿನ ಪುಸ್ತಕ, ಸ್ಲೇಟು ಬಂದವು. ಗದ್ಯದ ಪಾಠಗಳೂ ಬಂದವು. ಅಕ್ಷರ ಕಲಿಸುವ ಸಾಲು ಮಾತ್ರ ಹಳೆಯ ವರ್ಣಮಾಲೆಯದೇ ಉಳಿಯಿತು. ಅ ಎಂದರೆ ಅರಸ ಎಂದು ಕಲಿತೆವಲ್ಲ, ಆ ಅರಸನನ್ನು ಓದಲು ರ, ಸ ಬೇಕು. ಅವಿರುವುದು ವರ್ಣಮಾಲೆಯ ಬಾಲದಲ್ಲಿ. ಅಲ್ಲಿಯವರೆಗೆ ಮಗುವಿಗೆ ಚಿತ್ರವೇ ಗತಿ.

ಈ ಗಂಟು ಬಿಡಿಸಿದ್ದು ರ, ಗ, ಸ, ದ, ಅ ಎಂಬ ಹೊಸ ಸಾಲು. ಈ ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಕಾಗುಣಿತ, ಒತ್ತು ಯಾವುದೂ ಬೇಡ. ಮೊದಲ ವಾರಗಳಲ್ಲೇ ಮಗುವಿಗೆ ಅರ್ಥ ಸಿಕ್ಕಿತು. ಇದಕ್ಕಿಂತ ದೊಡ್ಡ ಸುಧಾರಣೆ ನನಗೆ ಕಾಣುವುದಿಲ್ಲ. ಮಕ್ಕಳು ಕೂತು ಕಲಿಯುವ ರೀತಿಯೂ ಬದಲಾಯಿತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ-ಕಲಿ’ ಎಂಬ ಕಲಿಕೆಯ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು ಕಲಿಯುವರು.

ಅಂಥದೊಂದು ಕೋಣೆಯ ಮೂಲೆಯಲ್ಲಿ ನಾನು ಅರ್ಧ ದಿನ ಕೂತಿದ್ದೆ. ಗೋಡೆಯ ಬುಡದಲ್ಲಿ, ಮಕ್ಕಳ ಕೈಗೆಟುಕುವಂತೆ ಕಪ್ಪು ಹಲಗೆ. ಒಂದನೇ ತರಗತಿಯ ಹುಡುಗ ನಾಲಿಗೆ ಕಚ್ಚಿಕೊಂಡು ಗರಗಸ ಬರೆಯಹೊರಟು ‘ಗಗಸ’ ಎಂದು ಬರೆದ. ಟೀಚರು ಇನ್ನೊಂದು ಗುಂಪಿನ ಹತ್ತಿರ ಇದ್ದರು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದಳು. “ಗಗಸ ಅಂದ್ರೆ ಏನೋ?” ಎಂದು ಕೇಳಿದಳು. ಹುಡುಗ ಯೋಚಿಸಿ, ನಕ್ಕು, ಅಂಗೈಯಲ್ಲೇ ಒರೆಸಿದ. ಅವಳು ಅವನ ಬೆರಳು ಹಿಡಿದುಕೊಂಡು “ಗ... ರ...” ಎಂದು ರಾಗ ಎಳೆಯುತ್ತ ತಿದ್ದಿಸತೊಡಗಿದಳು.