ಮಡಿಲಲ್ಲಿ ಮಗು, ಕೈಯಲ್ಲಿ ಚಿತ್ರಪುಸ್ತಕ
(ಶ್ರೀನಗರದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪಿಯುಸಿ, ಸಿಇಟಿ ಕುರಿತು ಮಾತನಾಡುತ್ತೇವೆ. ಇಂದು ನಾನು ಅಲ್ಲಿಂದ ಹನ್ನೆರಡು ವರ್ಷ ಹಿಂದಕ್ಕೆ, ಮೂರು-ನಾಲ್ಕು ವರ್ಷದ ಮಗುವಿನ ಬಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ.

ಶ್ರೀನಗರ, ಹನುಮಂತನಗರ, ಬನಶಂಕರಿ ಭಾಗದ ನಮ್ಮ ಒಂದು ಮನೆಯನ್ನು ನೆನೆಯಿರಿ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಗ್ರಾಂಥಿಕ ಉರ್ದು ಅಥವಾ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ಬೆಳೆಯುವುದು ದೊಡ್ಡ ಸಂಪತ್ತು. ಆದರೆ ಆ ಮಗುವಿನ ಕಿವಿಗೆ ಬೀಳುವುದು ‘ಬಾ, ಕೂತ್ಕೋ, ತಿನ್ನು, ಮಲಗು’ ಎಂಬ ದಿನಬಳಕೆಯ ಮಾತು ಮಾತ್ರ. ಪುಸ್ತಕದ ಭಾಷೆ ಬೇರೆ. ಅದನ್ನು ಎಂದೂ ಕೇಳದ ಮಗು ಒಂದನೇ ತರಗತಿಯಲ್ಲಿ ಸುಮ್ಮನೆ ಕೂರುತ್ತದೆ. ಕೆಲವೇ ದಿನಗಳಲ್ಲಿ ‘ದಡ್ಡ’ ಎಂಬ ಹಣೆಪಟ್ಟಿ ಬೀಳುತ್ತದೆ. ಆ ಪಟ್ಟಿಯನ್ನು ಕೀಳಲು ಎಷ್ಟು ವರ್ಷ ಬೇಕಾಗುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತು. ಮಗು ದಡ್ಡನಲ್ಲ, ಯಾರೂ ಅದಕ್ಕೆ ಪುಸ್ತಕ ಓದಿ ಹೇಳಿಲ್ಲ, ಅಷ್ಟೆ.

ಇದು ಕೇವಲ ಶಿಕ್ಷಕರ ಮಾತಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಮಗುವಿಗೆ ಶೈಶವದಿಂದಲೇ ಗಟ್ಟಿಯಾಗಿ ಓದಿ ಹೇಳುವಂತೆ ಪಾಲಕರಿಗೆ ತಿಳಿಸಬೇಕೆಂದು ವೈದ್ಯರಿಗೆ ಸೂಚಿಸಿತು. 1988ರಲ್ಲಿ ಪ್ರಕಟವಾದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಸುಮ್ಮನೆ ಓದಿ ಮುಗಿಸುವ ಬದಲು ‘ಇದೇನು ಮಾಡ್ತಿದೆ?’ ‘ಮುಂದೇನಾಗುತ್ತೆ?’ ಎಂದು ಕೇಳಿ, ಮಗುವಿನ ಉತ್ತರಕ್ಕೆ ಕಿವಿಗೊಟ್ಟ ಪಾಲಕರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದೆ ಹೋದರು.

ಹಾಗಾದರೆ ಎಂಥ ಪುಸ್ತಕ ಆರಿಸಬೇಕು?

ಮೊದಲನೆಯದಾಗಿ, ಓದಿ ಹೇಳುವ ಪುಸ್ತಕ ಬೇರೆ, ಅಕ್ಷರ ಕಲಿಸುವ ಪುಸ್ತಕ ಬೇರೆ. ಅಕ್ಷರಮಾಲೆಯ ಪುಸ್ತಕದಲ್ಲಿ ಕಥೆ ಇರುವುದಿಲ್ಲ. ಒತ್ತಕ್ಷರ ಬಂತೆಂದು ಹೆದರಿ ಒಳ್ಳೆಯ ಕಥೆಯನ್ನು ಬಿಡಬೇಡಿ. ಓದುವವರು ನೀವು, ಮಗು ಕೇಳುವುದು ಮಾತ್ರ.

ಎರಡನೆಯದಾಗಿ, ಎರಡು-ಮೂರು ವರ್ಷದವರಿಗೆ ಪುಟಕ್ಕೆ ಒಂದೆರಡು ಸಾಲು ಸಾಕು. ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆ ಇದ್ದರೆ ಇನ್ನೂ ಒಳ್ಳೆಯದು. ಮೂರನೆಯ ಸಲ ಮಗುವೇ ನಿಮಗಿಂತ ಮೊದಲು ಆ ಸಾಲು ಹೇಳುತ್ತದೆ. ಹರಿಯುವ ಕೈಗಳಿಗೆ ದಪ್ಪ ರಟ್ಟಿನ ಪುಟಗಳಿರಲಿ.

ಮೂರನೆಯದಾಗಿ, ಚಿತ್ರವನ್ನು ನೋಡಿ. ಸಾಲಿನಲ್ಲಿ ಹೇಳಿದ್ದನ್ನಷ್ಟೇ ತೋರಿಸುವ ಚಿತ್ರಕ್ಕಿಂತ, ಹೇಳದೆ ಬಿಟ್ಟದ್ದನ್ನೂ ತೋರಿಸುವ ಚಿತ್ರ ಮೇಲು. ಮಂಚದ ಕೆಳಗೆ ಅಡಗಿದ ಬೆಕ್ಕನ್ನು ಮಗುವೇ ಕಂಡುಹಿಡಿಯಲಿ.

ನಾಲ್ಕನೆಯದಾಗಿ, ಕೊಳ್ಳುವ ಮುಂಚೆ ಒಂದು ಪುಟವನ್ನು ಬಾಯಿಬಿಟ್ಟು ಓದಿ. ನಾಲಿಗೆ ತಡವರಿಸಿದರೆ ಕೆಳಗಿಡಿ. ಕೆಲವು ಅನುವಾದಗಳಲ್ಲಿ ಅಕ್ಷರ ಮಾತ್ರ ಕನ್ನಡ, ಮಾತಿನ ಧಾಟಿ ಇಂಗ್ಲಿಷ್. ಕೊನೆಯ ಪುಟದಲ್ಲಿ ನೀತಿಯನ್ನು ಅಂಟಿಸಿದ ಪುಸ್ತಕಗಳೂ ಬೇಡ. ಕಥೆ ಚೆನ್ನಾಗಿದ್ದರೆ ನೀತಿ ತಾನೇ ಒಳಗಿಳಿಯುತ್ತದೆ.

ವಯಸ್ಸನ್ನೂ ಗಮನಿಸಬೇಕು. ನಮ್ಮ ರಾಷ್ಟ್ರಪತಿಗಳಾಗಿದ್ದ ಡಾ. ಜಾಕಿರ್ ಹುಸೇನ್ ಅವರು ಮಕ್ಕಳಿಗಾಗಿ ಉರ್ದುವಿನಲ್ಲಿ ‘ಅಬ್ಬೂ ಖಾಂ ಕೀ ಬಕ್ರಿ’ ಎಂಬ ಕಥೆ ಬರೆದಿದ್ದಾರೆ. ಸ್ವಾತಂತ್ರ್ಯಕ್ಕಾಗಿ ಬೆಟ್ಟಕ್ಕೆ ಓಡಿದ ಮೇಕೆ ಇಡೀ ರಾತ್ರಿ ತೋಳದೊಡನೆ ಹೋರಾಡಿ ಬೆಳಗಾಗುವಾಗ ಪ್ರಾಣ ಬಿಡುತ್ತದೆ. ಬಹಳ ಒಳ್ಳೆಯ ಕಥೆ. ಆದರೆ ಮೂರು ವರ್ಷದ ಮಗುವಿಗೆ ಮಲಗುವ ಹೊತ್ತಿನಲ್ಲಿ ಬೇಡ. ಏಳು-ಎಂಟು ವರ್ಷದವರಿಗೆ ಓದಿ; ಮೇಕೆ ಸೋತಿತೋ ಗೆದ್ದಿತೋ ಎಂದು ಅವರೇ ವಾದ ಮಾಡಲಿ.

ಎರಡು ಲಿಪಿಗಳ ಮನೆಗಳಿಗೆ ಒಂದು ವಿಶೇಷ ಸೂಚನೆ. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ, ಕನ್ನಡ ಪುಸ್ತಕ ಎಡದಿಂದ. ಸಾಲಿನ ಕೆಳಗೆ ಬೆರಳಿಟ್ಟು ಓದಿದರೆ ಮಗುವಿಗೆ ಗೊಂದಲವಾಗದು. ಎಡದಿಂದ ಸಾಗುವ ಪುಸ್ತಕವನ್ನು ಉರ್ದುವಿಗೆ ತಂದಾಗ, ಚಿತ್ರದ ಬೆಕ್ಕು ಕಥೆಯ ಮುಂದಕ್ಕೆ ಓಡುತ್ತಿದೆಯೋ ಹಿಂದಕ್ಕೋ ನೋಡಿಕೊಳ್ಳಿ. ಶಾಲೆಯ ಉರ್ದು ನಸ್ತಾಲೀಖ್ ಬರಹದಲ್ಲಿರುವುದರಿಂದ ಆ ಬರಹದ ಪುಸ್ತಕಗಳೇ ಮಕ್ಕಳಿಗೆ ಹೆಚ್ಚು ಅನುಕೂಲ. ಮಗು ‘ಬಿಲ್ಲಿ’ ಎಂದರೆ ‘ಹೌದು, ಬಿಲ್ಲಿ, ಕನ್ನಡದಲ್ಲಿ ಬೆಕ್ಕು’ ಎನ್ನಿ. ‘ತಪ್ಪು’ ಎನ್ನಬೇಡಿ.

‘ಮಿಸ್, ನಮಗೇ ಓದಲು ಬರೋದಿಲ್ಲ, ಮಗುವಿಗೇನು ಓದಿ ಹೇಳೋಣ?’ ಎಂದು ಕೇಳುವ ತಾಯಂದಿರಿದ್ದಾರೆ. ಅಮ್ಮೀ, ಈ ಕೆಲಸಕ್ಕೆ ನಿಮ್ಮಷ್ಟು ಯೋಗ್ಯರು ಬೇರೆ ಇಲ್ಲ. ಮಾತೇ ಇಲ್ಲದ, ಬರೀ ಚಿತ್ರಗಳ ಕಥೆಪುಸ್ತಕಗಳಿವೆ. ಚಿತ್ರ ನೋಡಿ ನಿಮ್ಮ ದಖ್ಖನಿಯಲ್ಲಿ ಕಥೆ ಹೇಳಿ. ಪುಟ ತಿರುವಿದರೆ ಕಥೆ ಮುಂದೆ ಹೋಗುತ್ತದೆ ಎಂಬುದನ್ನು ಮಗು ನಿಮ್ಮಿಂದಲೇ ಕಲಿಯುತ್ತದೆ. ದಾದಿ-ನಾನಿಯರು ಪುಸ್ತಕವಿಲ್ಲದೆ ಹೇಳಿದ ಕಥೆಗಳೂ ಇದೇ ಓದಿನ ಬುನಾದಿ.

ಹಣದ ಚಿಂತೆಯೂ ಬೇಡ. ಬೆಂಗಳೂರಿನಲ್ಲೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಚಿತ್ರಪುಸ್ತಕ ಪ್ರಕಟಿಸುತ್ತದೆ. 2015ರಲ್ಲಿ ಅದು ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಉರ್ದು ಎರಡರಲ್ಲೂ ಕಥೆಗಳು ಉಚಿತ. ಓದುವ ಮಟ್ಟವನ್ನು ನಾಲ್ಕು ಹಂತಗಳಲ್ಲಿ ಗುರುತಿಸಿದ್ದಾರೆ. ಒಂದನೇ ಹಂತದಿಂದ ಶುರುಮಾಡಿ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಪುಸ್ತಕಗಳೂ ಎರಡೂ ಭಾಷೆಗಳಲ್ಲಿವೆ. ಕಬ್ಬನ್ ಪಾರ್ಕಿನಲ್ಲಿ ಮಕ್ಕಳಿಗೆಂದೇ ಗ್ರಂಥಾಲಯವಿದೆ. ಭಾನುವಾರ ಆಟಕ್ಕೆ ಹೋಗುವವರು ಅದರ ಬಾಗಿಲನ್ನೂ ಒಮ್ಮೆ ತಟ್ಟಿ. ಮೊಬೈಲಿನಲ್ಲಿ ಕಥೆ ತೆರೆದರೆ ಫೋನು ನಿಮ್ಮ ಕೈಯಲ್ಲಿರಲಿ, ಮಗು ನಿಮ್ಮ ಮಡಿಲಲ್ಲಿರಲಿ. ಮಗುವಿನ ಕೈಗೆ ಫೋನು ಕೊಟ್ಟು ನೀವು ಅಡುಗೆಮನೆಗೆ ಹೋದರೆ ಅದು ಓದಿ ಹೇಳಿದಂತಲ್ಲ.

ಕೊನೆಯದಾಗಿ ಎರಡು ವಿನಂತಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲ್ ಕಂಡವರು. ರಾತ್ರಿ ಹತ್ತು ನಿಮಿಷ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಸ್ತಕ ಓದಿ ಹೇಳಿ. ನಿಮ್ಮ ಓದೂ ಸುಧಾರಿಸುತ್ತದೆ. ‘ಆಪಾ, ಇನ್ನೊಂದ್ಸಲ’ ಎಂದರೆ ಬೇಸರಿಸಬೇಡಿ. ಅದೇ ನಿಮ್ಮ ಮೊದಲ ಬಹುಮಾನ.

ಸಂಸ್ಥೆಯ ಹಿರಿಯರೇ, ಬಹುಮಾನವೆಂದು ಕೊಡುವ ಪ್ಲಾಸ್ಟಿಕ್ ಕಪ್ಪುಗಳು ಶೋಕೇಸಿನಲ್ಲಿ ಧೂಳು ಹಿಡಿಯುತ್ತವೆ. ಮುಂದಿನ ವರ್ಷ ಆ ಹಣದಲ್ಲಿ ಚಿತ್ರಪುಸ್ತಕಗಳನ್ನು ಕೊಡೋಣ. ಈದಿಯ ನೋಟಿನ ಜೊತೆಗೂ ಒಂದು ಪುಸ್ತಕವಿರಲಿ. ಹತ್ತನೇ ತರಗತಿಯ ಫಲಿತಾಂಶದ ಚಿಂತೆಯನ್ನು ಅಲ್ಲಿಂದಲೇ ಆರಂಭಿಸೋಣ.