ನಿನ್ನೆ ಏನು ಉಂಡಿರಿ?

(ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಮಹಿಳಾ ಸಂಘದ ಸಭೆ. ನಿವೃತ್ತ ಆರೋಗ್ಯ ಸಹಾಯಕಿ ಒಬ್ಬರು ಆಡಿದ ಮಾತು ಇದು.)



ನಾನು ಭಾಷಣ ಮಾಡಲು ಬಂದಿಲ್ಲ. ಒಂದು ಲೆಕ್ಕ ಹೇಳಿಕೊಡಲು ಬಂದಿದ್ದೇನೆ. ಕಾಗದ, ಪೆನ್ಸಿಲ್ಲು ತಂದಿದ್ದೀರಲ್ಲ? ಪಕ್ಕದಲ್ಲಿ ಇಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಮೊದಲು ಒಂದು ಪ್ರಶ್ನೆ. ನಿನ್ನೆ ಮುಂಜಾನೆ ಎದ್ದಿರಿ. ರಾತ್ರಿ ಮಲಗಿದಿರಿ. ಈ ನಡುವೆ ಏನೇನು ಉಂಡಿರಿ? ನೆನಪು ಮಾಡಿಕೊಳ್ಳಿ.

ಹಾಂ, ಅಜ್ಜಿ ಕೈ ಎತ್ತಿದರು. ಹೇಳಿರಿ ಅಜ್ಜಿ.

"ಮುಂಜಾನೆ ಉಪ್ಪಿಟ್ಟು. ಮಧ್ಯಾಹ್ನ ರೊಟ್ಟಿ. ಸಂಜಿಗೆ ಚಪಾತಿ, ಅನ್ನ. ನಾಕು ನಮೂನಿ ಉಂಡೀನಿ ನೋಡವಾ."

ಅಜ್ಜಿ ನಕ್ಕರು, ನೀವೂ ನಕ್ಕಿರಿ. ಆದರೆ ನನ್ನ ಲೆಕ್ಕದಲ್ಲಿ ಅದು ನಾಲ್ಕು ಅಲ್ಲ. ಒಂದೇ. ಜೋಳ, ಗೋಧಿ, ಅಕ್ಕಿ, ಸಜ್ಜೆ, ರವೆ ಎಲ್ಲಾ ಅಣ್ಣ ತಮ್ಮಂದಿರು. ಒಂದೇ ಮನೆಯವರು. ಒಂದೇ ಕೆಲಸ ಮಾಡುತ್ತಾರೆ. ಹೊಟ್ಟೆ ತುಂಬಿಸುತ್ತಾರೆ, ದುಡಿಯುವ ಶಕ್ತಿ ಕೊಡುತ್ತಾರೆ. ಆಲೂಗಡ್ಡೆಯೂ ಅದೇ ಮನೆಯದು. ಪಲ್ಯ ಮಾಡಿದರೂ ಅದು ಬೇರೆ ಮನೆಗೆ ಹೋಗುವುದಿಲ್ಲ.

ಆದರೆ ಮೈಗೆ ಶಕ್ತಿಯೊಂದೇ ಸಾಲದು. ರಕ್ತ ಆಗಬೇಕು. ಮಾಂಸ ಕಟ್ಟಬೇಕು. ಕಣ್ಣು ಕಾಣಬೇಕು. ಗಾಯ ಮಾಯಬೇಕು. ಇದನ್ನೆಲ್ಲ ಒಂದೇ ಮನೆಯವರು ಮಾಡಲಾರರು. ಬೇರೆ ಬೇರೆ ಮನೆಯವರು ಬರಬೇಕು. ಎಷ್ಟು ಮನೆಯವರು ಬಂದರು ಅಂತ ಎಣಿಸುವುದೇ ಇವತ್ತಿನ ಲೆಕ್ಕ. ಓದಿದವರು ಇದಕ್ಕೆ ಆಹಾರ ವೈವಿಧ್ಯ ಅನ್ನುತ್ತಾರೆ.

ಈ ಲೆಕ್ಕ ಎಲ್ಲರಿಗೂ ಬೇಕು. ಮೈಯಲ್ಲಿ ಎಚ್.ಐ.ವಿ. ಇರುವವರಿಗೆ ಇನ್ನೂ ಹೆಚ್ಚು ಬೇಕು. ನಮ್ಮ ಜಿಲ್ಲೆಗೆ ಈ ಹೆಸರು ಹೊಸದಲ್ಲ. 2000ದ ಆಸುಪಾಸಿನಲ್ಲಿ ರಾಜ್ಯದಲ್ಲೇ ಹೆಚ್ಚು ಸೋಂಕು ಕಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಗ ಗುಳಿಗೆ ಇರಲಿಲ್ಲ. ಇದ್ದರೂ ಬಡವರ ಕೈಗೆ ಎಟುಕುತ್ತಿರಲಿಲ್ಲ. 2004ರಿಂದ ಸರ್ಕಾರ ಎ.ಆರ್.ಟಿ. ಗುಳಿಗೆಯನ್ನು ಪುಕ್ಕಟೆ ಕೊಡತೊಡಗಿತು. ಇವತ್ತು ಗುಳಿಗೆ ಬಿಡದೆ ನುಂಗುವವರು ಎಲ್ಲರಂತೆ ಬಾಳುತ್ತಿದ್ದಾರೆ. ಹೊಲಕ್ಕೆ ಹೋಗುತ್ತಾರೆ. ಮಕ್ಕಳ ಮದುವೆ ಮಾಡುತ್ತಾರೆ.

ಆದರೆ ಮೈಯೊಳಗೆ ವೈರಸ್ಸಿನ ಜೊತೆ ದಿನವೂ ಜಗಳ ನಡೆದಿರುತ್ತದೆ. ಜಗಳಕ್ಕೆ ಕಸುವು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ಅಂದಾಜು ಹೇಳಿತು. ಸೋಂಕು ಇದ್ದು, ಕಾಯಿಲೆಯ ಲಕ್ಷಣ ಇಲ್ಲದ ದೊಡ್ಡವರಿಗೂ ನೂರಕ್ಕೆ 10ರಷ್ಟು ಹೆಚ್ಚು ಶಕ್ತಿ ಬೇಕು. ಕಾಯಿಲೆ ಬಿದ್ದಾಗ, ಬಿದ್ದು ಏಳುವಾಗ ನೂರಕ್ಕೆ 20ರಿಂದ 30ರಷ್ಟು ಹೆಚ್ಚು. ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. 10 ರೊಟ್ಟಿ ಬೇಕಿದ್ದವರಿಗೆ 11 ಬೇಕು. ಕಾಯಿಲೆಯಲ್ಲಿ 12, 13 ಬೇಕು. ಆದರೆ ಕಾಯಿಲೆಯಲ್ಲೇ ಬಾಯಿ ರುಚಿ ಕೆಡುತ್ತದೆ. ಬಾಯಿ ಹುಣ್ಣಾಗುತ್ತದೆ. ಭೇದಿ ಆಗುತ್ತದೆ. ಬೇಕಾದಾಗಲೇ ಉಣ್ಣಲು ಆಗುವುದಿಲ್ಲ. ಇದೇ ಕಷ್ಟ.

ಈಗ ಹತ್ತು ಮನೆ ಹೇಳುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2016ರಲ್ಲಿ ಈ ಲೆಕ್ಕದ ಕೈಪಿಡಿ ತಂದಿತು. 15ರಿಂದ 49 ವರ್ಷದ ಹೆಣ್ಣುಮಕ್ಕಳಿಗೆಂದು ಮಾಡಿದ ಲೆಕ್ಕ ಅದು. ಹೆಸರುಗಳನ್ನು ಮಾತ್ರ ನಮ್ಮ ಅಡುಗೆಮನೆಯಿಂದ ತೆಗೆದುಕೊಂಡಿದ್ದೇನೆ.

ಮೊದಲನೆಯದು ಅಜ್ಜಿ ಹೇಳಿದ ರೊಟ್ಟಿ ಅನ್ನದ ಮನೆ. ಎರಡನೆಯದು ಕಾಳು ಬೇಳೆ. ತೊಗರಿ, ಹೆಸರು, ಮಡಿಕೆ, ಕಡಲೆ. ಜುಣಕ ಮಾಡಿದರೆ ಅದು ಕಡಲೆಹಿಟ್ಟು, ಇಲ್ಲಿಗೇ ಬಂತು. ಮೂರನೆಯದು ಶೇಂಗಾ, ಎಳ್ಳು, ಗುರೆಳ್ಳು, ಅಗಸಿ. ನಾಲ್ಕನೆಯದು ಹಾಲು, ಮೊಸರು. ಐದನೆಯದು ಮಾಂಸ, ಮೀನು, ಕೋಳಿ. ಆರನೆಯದು ಮೊಟ್ಟೆ. ಅದಕ್ಕೆ ಬೇರೆಯೇ ಮನೆ. ಏಳನೆಯದು ಹಸಿರು ಸೊಪ್ಪು. ಮೆಂತ್ಯ, ಪಾಲಕ, ರಾಜಗಿರಿ, ಪುಂಡಿ ಪಲ್ಯ. ಎಂಟನೆಯದು ಒಳಗೆ ಕೇಸರಿ ಬಣ್ಣ ಇರುವ ಹಣ್ಣು, ಕಾಯಿ. ಗಜ್ಜರಿ, ಸಿಹಿ ಕುಂಬಳ, ಪಪ್ಪಾಯಿ, ಮಾವಿನಹಣ್ಣು. ಒಂಬತ್ತನೆಯದು ಉಳಿದ ತರಕಾರಿ. ಬದನೆ, ಹೀರೆ, ಚವಳಿ, ಉಳ್ಳಾಗಡ್ಡಿ, ಟೊಮೆಟೊ. ಹತ್ತನೆಯದು ಉಳಿದ ಹಣ್ಣು. ಬಾಳೆ, ಪೇರಲ, ಬಾರೆಹಣ್ಣು.

ಎಣ್ಣೆ, ಸಕ್ಕರೆ, ಬೆಲ್ಲ, ಚಹಾ ಈ ಹತ್ತರಲ್ಲಿ ಇಲ್ಲ.

ಒಂದು ಮಾತು ನೆನಪಿಡಿ. ಒಂದು ದೊಡ್ಡ ಚಮಚದಷ್ಟಾದರೂ, ಅಂದರೆ 15 ಗ್ರಾಂ ಆದರೂ ತಿಂದಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. ಸಾರಿನ ಮೇಲೆ ತೇಲುವ ನಾಲ್ಕು ಎಲೆ ಕೊತ್ತಂಬರಿ ಸೊಪ್ಪಲ್ಲ. ಚಹಾಕ್ಕೆ ಬಣ್ಣ ಬರಲೆಂದು ಬಿಟ್ಟ ಹಾಲು ಹಾಲಲ್ಲ. ಆದರೆ ರೊಟ್ಟಿಯ ಜೊತೆ ಒಂದು ಉಳ್ಳಾಗಡ್ಡಿ ಗುದ್ದಿ ತಿಂದಿರಾ? ಅದು ಲೆಕ್ಕಕ್ಕೆ ಬಂತು.

ಹತ್ತರಲ್ಲಿ ಐದು ಮನೆಯಾದರೂ ಬಂದರೆ ಸುಮಾರು ಸರಿ ಅನ್ನುತ್ತಾರೆ. ಎಚ್.ಐ.ವಿ. ಇರುವವರ ನಡುವೆಯೂ ಆಫ್ರಿಕಾದ ಹಲವು ದೇಶಗಳಲ್ಲಿ ಇಂಥ ಲೆಕ್ಕ ಮಾಡಿ ನೋಡಿದ್ದಾರೆ. ಉಗಾಂಡಾ ದೇಶದಲ್ಲಿ ಇನ್ನೂ ಗುಳಿಗೆ ಶುರುಮಾಡದವರನ್ನು ನೋಡಿದರು. ಊಟದಲ್ಲಿ ಬಗೆ ಕಡಿಮೆ ಇದ್ದವರಲ್ಲಿ ರಕ್ತ ಕಡಿಮೆ ಇರುವುದು ಹೆಚ್ಚಾಗಿ ಕಂಡಿತು. ಊಟದಿಂದಲೇ ಹಾಗಾಯಿತು ಅಂತ ಖಂಡಿತ ಹೇಳಲಾಗದು. ಎರಡೂ ಕೂಡಿ ಬಂದವು, ಅಷ್ಟೇ.

ಲೆಕ್ಕ ಇಷ್ಟು ಸುಲಭ. ತಕ್ಕಡಿ ಬೇಡ, ಸೂಜಿ ಬೇಡ, ರೊಕ್ಕ ಬೇಡ. ಇಷ್ಟು ಸುಲಭದ ಲೆಕ್ಕದಲ್ಲೇ ನಾನು ತಪ್ಪಿದೆ. ಅದನ್ನು ಹೇಳಲೆಂದೇ ಇವತ್ತು ಬಂದೆ.

2022ರ ಮಾತು. ಒಂದು ಊರಿನಲ್ಲಿ ಒಬ್ಬ ತಂಗಿ ಇದ್ದಳು. ಊರಿನ ಹೆಸರೂ ಹೇಳುವುದಿಲ್ಲ, ಅವಳ ಹೆಸರೂ ಹೇಳುವುದಿಲ್ಲ. ಅವಳಿಗೆ ಎಚ್.ಐ.ವಿ. ಇತ್ತು. ನನ್ನ ಮೇಲೆ ನಂಬಿಕೆಯಿಟ್ಟು ತಾನೇ ಹೇಳಿದ್ದಳು. ಮನೆಯಲ್ಲಿ ಅತ್ತೆಗೆ ಗೊತ್ತಿರಲಿಲ್ಲ.

ನಾನು ಒಂದು ದಿನ ಅವರ ಮನೆಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ರೋಗದ ಮಾತು ನಾನು ಎತ್ತಲಿಲ್ಲ. ಅಷ್ಟು ಬುದ್ಧಿ ನನಗಿತ್ತು. ಆದರೆ ಅತ್ತೆಯ ಮುಂದೆಯೇ ಕೇಳಿದೆ, "ಯವ್ವಾ, ನಿನ್ನೆ ಏನೇನು ಉಂಡಿ?"

ಅವಳು ಅತ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಗಡಗಡ ಹೇಳಿದಳು. "ರೊಟ್ಟಿ ಉಂಡೀನ್ರಿ ಅಕ್ಕಾರ. ಬ್ಯಾಳಿ ಉಂಡೀನಿ. ಮೆಂತ್ಯ ಪಲ್ಯ, ಶೇಂಗಾ, ಮಸರು, ಬದನಿಕಾಯಿ, ಬಾಳಿಹಣ್ಣು. ಎಲ್ಲಾ ಉಂಡೀನ್ರಿ."

ಏಳು ಮನೆ! ನಾನು ವಹಿಯಲ್ಲಿ 7 ಅಂತ ಬರೆದುಕೊಂಡೆ. ಖುಷಿಯಿಂದ ಚಹಾ ಕುಡಿದು ಎದ್ದುಬಂದೆ.

ಎರಡು ತಿಂಗಳಾಯಿತು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಸೆರಗು ಹೊದ್ದು ಕೂತಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ನಾನೇ ಆಸ್ಪತ್ರೆಗೆ ಕರೆದೊಯ್ದೆ. ಮೊದಲು 46 ಕಿಲೋ ಇದ್ದಳು. ಅವತ್ತು 42. ಅವಳ ಎತ್ತರ ಐದು ಅಡಿ. ಐದು ಅಡಿ ಇರುವವರು ಸುಮಾರು 43 ಕಿಲೋಗಿಂತ ಇಳಿದರೆ ತೂಕ ಕಡಿಮೆ ಅಂತ ಅರ್ಥ.

ಬೇವಿನ ಗಿಡದ ಕೆಳಗೆ ಇಬ್ಬರೇ ಕೂತೆವು. ಮತ್ತೆ ಕೇಳಿದೆ. ಅವತ್ತು ನಿಜ ಹೇಳಿದಳು.

"ಎಲ್ಲಾರೂ ಉಂಡ ಮ್ಯಾಲೆ ನಂದ್ರಿ ಅಕ್ಕಾರ. ಅಷ್ಟೊತ್ತಿಗೆ ಪಲ್ಯ ಎಲ್ಲಿ ಉಳೀತೈತ್ರಿ? ರೊಟ್ಟಿ, ಉಳ್ಳಾಗಡ್ಡಿ, ಚಿಟಿಕಿ ಹಿಂಡಿ. ರಾತ್ರಿ ಅನ್ನ, ತಿಳಿಸಾರು. ಹಾಲು ಹುಡುಗರಿಗೆ. ಮೊಟ್ಟಿ ತಂದ್ರ ಗಂಡಸರಿಗೆ."

"ಮತ್ತೆ ಅವತ್ತು ಹಾಗೆ ಹೇಳಿದೆಯಲ್ಲ?"

"ಅತ್ತಿ ಮುಂದ ನಿಮ್ಮ ಮನ್ಯಾಗ ಕೂಳಿಲ್ಲ ಅಂತ ಹೇಳಲೇನ್ರಿ?"

ನನಗೆ ಮಾತು ಹೊರಡಲಿಲ್ಲ. ಅವಳು ಸುಳ್ಳು ಹೇಳಿದ್ದಲ್ಲ, ನಾನೇ ಹೇಳಿಸಿದ್ದು.

ಎಣಿಸಿದೆ. ರೊಟ್ಟಿ ಅನ್ನ ಒಂದು ಮನೆ. ಉಳ್ಳಾಗಡ್ಡಿ ಒಂದು. ಚಿಟಿಕೆ ಹಿಂಡಿ ಲೆಕ್ಕಕ್ಕೆ ಬರುವುದಿಲ್ಲ. ತಿಳಿಸಾರಿನಲ್ಲಿ ಬೇಳೆ ಇಲ್ಲ. ಹತ್ತಕ್ಕೆ ಎರಡು! ನನ್ನ ವಹಿಯಲ್ಲಿ ಏಳು.

ಇನ್ನೂ ಕೇಳಿದೆ. ಬರಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತಂತೆ. ಅದಕ್ಕೆ ಕೆಲವು ದಿನ ಬಿಟ್ಟಿದ್ದಳು. ಕೂಲಿ ತಪ್ಪುತ್ತದೆಂದು ಎ.ಆರ್.ಟಿ. ಕೇಂದ್ರಕ್ಕೂ ಒಂದು ಸಲ ಹೋಗಿರಲಿಲ್ಲ. ರಾತ್ರಿ ಬೆವರುತ್ತಿತ್ತು. ಕೆಮ್ಮು ಇತ್ತು. ಕಫ ಪರೀಕ್ಷೆ ಮಾಡಿಸಿದೆವು. ಟಿ.ಬಿ. ಇತ್ತು.

ನೋಡಿ, ತೂಕ ಇಳಿದಿದ್ದು ಊಟದಿಂದ ಮಾತ್ರ ಅಲ್ಲ. ಎಚ್.ಐ.ವಿ. ಇರುವವರಿಗೆ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಟಿ.ಬಿ. ಪರೀಕ್ಷೆ ಆಗಬೇಕು. ಊಟ ಸರಿಮಾಡಿ ನೋಡೋಣ ಅಂತ ಕಾಯಬಾರದು. ಅವತ್ತು ನಾನು ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಆ ಎರಡು ತಿಂಗಳು ನನಗೆ ಈಗಲೂ ಚುಚ್ಚುತ್ತದೆ.

ಅವಳಿಗೆ ಟಿ.ಬಿ. ಔಷಧ ಶುರುವಾಯಿತು. ಎರಡೂ ಔಷಧ ಡಾಕ್ಟರೇ ಹೊಂದಿಸಿ ಕೊಟ್ಟರು. ಟಿ.ಬಿ. ಇದ್ದವರ ಊಟಕ್ಕೆಂದು ಸರ್ಕಾರ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಆ ರೊಕ್ಕದಲ್ಲಿ ಅವಳು ಏನು ಮಾಡಿದಳು ಗೊತ್ತೇ? ಶೇಂಗಾ ತಂದು ಹುರಿದು ಡಬ್ಬಿಯಲ್ಲಿ ತುಂಬಿಟ್ಟಳು. ದಿನಾ ಒಂದು ಹಿಡಿ. ಹೆಸರುಕಾಳು ನೆನೆಸಿ ಉಸಳಿ ಮಾಡಿದಳು. ಹೊಲದ ಬದುವಿನಲ್ಲಿ ಪುಂಡಿ ಬೆಳೆದಿತ್ತು, ಅದಕ್ಕೆ ರೊಕ್ಕವೇ ಇಲ್ಲ. ಎರಡಿದ್ದದ್ದು ಐದಾಯಿತು. ವಾರಕ್ಕೆರಡು ದಿನ ಮೊಟ್ಟೆ. ಆ ದಿನ ಆರು. ಮೊಟ್ಟೆಯನ್ನು ಪೂರ್ತಿ ಬೇಯಿಸಿ ತಿನ್ನು ಅಂತ ಹೇಳಿದ್ದೆ. ಇಂಥ ಮೈಗೆ ಹಸಿಬಿಸಿ ತಿನಿಸು, ಕೆಟ್ಟ ನೀರು ಬೇಗ ತೊಂದರೆ ಮಾಡುತ್ತವೆ.

ಊಟ ಗುಳಿಗೆಯ ಜಾಗಕ್ಕೆ ಬರುವುದಿಲ್ಲ. ಯಾರಾದರೂ ಸೊಪ್ಪು ತಿನ್ನು, ಗುಳಿಗೆ ಬಿಡು ಅಂದರೆ ಕೇಳಬೇಡಿ. ಕಬ್ಬಿಣದ ಗುಳಿಗೆ, ಸುಣ್ಣದ ಗುಳಿಗೆ ಕೊಟ್ಟಿದ್ದರೆ ಎ.ಆರ್.ಟಿ. ಜೊತೆ ಯಾವ ಹೊತ್ತಿಗೆ ನುಂಗಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಏನಣ್ಣಾ, ಹಿಂದಿನಿಂದ ಏನೋ ಅಂದಿರಿ? ಹಾಂ. "ಸೊರಗಿದವರಿಗೆಲ್ಲಾ ಅದೇ ರೋಗ ಏನ್ರಿ?" ಒಳ್ಳೆಯ ಪ್ರಶ್ನೆ. ಅಲ್ಲ ಅಣ್ಣಾ. ಸೊರಗಲು ನೂರು ಕಾರಣ. ಎಚ್.ಐ.ವಿ. ಇದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆಯೇ ಹೇಳಬೇಕು. ನನ್ನ ಹತ್ತು ಮನೆಯ ಲೆಕ್ಕ ಅದನ್ನು ಹೇಳುವುದಿಲ್ಲ. ಇನ್ನೊಬ್ಬರ ರೋಗದ ಮಾತನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು. ಅದಕ್ಕೆ 2017ರಲ್ಲಿ ಕಾನೂನೇ ಆಗಿದೆ. ಜೊತೆಗೆ ಕೂತು ಉಂಡರೆ, ಒಂದೇ ತಾಟಿನಲ್ಲಿ ಉಂಡರೆ ಈ ರೋಗ ಅಂಟುವುದಿಲ್ಲ. ಹೆಚ್ಚು ತಿಳಿಯಬೇಕಿದ್ದರೆ 1097ಕ್ಕೆ ಫೋನ್ ಮಾಡಿ. ಪುಕ್ಕಟೆ. ಹೆಸರು ಹೇಳಬೇಕಿಲ್ಲ.

ಇನ್ನು ಈ ಲೆಕ್ಕ ಎಲ್ಲಿ ಸೋಲುತ್ತದೆ ಅಂತಲೂ ಹೇಳಬೇಕು. ನಿನ್ನೆ ಊರಲ್ಲಿ ಜಾತ್ರೆ ಇತ್ತು ಅನ್ನಿ. ಎಲ್ಲರದೂ ಏಳೆಂಟು ಬರುತ್ತದೆ. ನಿನ್ನೆ ಉಪವಾಸ ಇತ್ತು ಅನ್ನಿ. ಒಂದೋ ಎರಡೋ. ಅದಕ್ಕೇ ಬೇರೆ ಬೇರೆ ದಿನ ಕೇಳಬೇಕು. ಎಷ್ಟು ಉಂಡರು ಅಂತ ಈ ಲೆಕ್ಕ ಹೇಳುವುದಿಲ್ಲ, ಎಷ್ಟು ಬಗೆ ಅಂತ ಮಾತ್ರ ಹೇಳುತ್ತದೆ. ನಿಜ ಹೇಳಬೇಕೆಂದರೆ, ಐದು ಅನ್ನುವ ಗೆರೆ ಒಂದು ಊರಿನ, ಒಂದು ಗುಂಪಿನ ಹೆಣ್ಣುಮಕ್ಕಳ ಊಟ ಹೇಗಿದೆ ಅಂತ ತಿಳಿಯಲು ಹಾಕಿದ್ದು. ಒಬ್ಬರ ಮೈ ಹೇಗಿದೆ ಅಂತ ಅದೊಂದೇ ತೀರ್ಮಾನ ಮಾಡಲಾರದು. ತಿಂಗಳಿಗೊಮ್ಮೆ ತೂಕ ನೋಡಬೇಕು. ರಕ್ತ ನೋಡಬೇಕು. ಬಾಯಿ ಹುಣ್ಣು, ಭೇದಿ ಕೇಳಬೇಕು. ಎಣಿಕೆ ಕಡಿಮೆ ಬಂದರೆ ಬಯ್ಯಲು ಹೋಗಬೇಡಿ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಒಂದು ಮನೆ ಬಂತು. ಉಳಿದ ಮನೆಗೆ ಸಂತೆಗೆ ಹೋಗಬೇಕು, ಕೈಯಲ್ಲಿ ಕಾಸು ಬೇಕು. ಅದು ಅವಳ ತಪ್ಪಲ್ಲ.

ಆ ತಂಗಿ ಹೋದ ಯುಗಾದಿಗೆ ಸಿಕ್ಕಿದ್ದಳು. ಟಿ.ಬಿ. ವಾಸಿಯಾಗಿದೆ. ತೂಕ 48. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಆದರೆ ಈಗ ಅತ್ತೆ ಸೊಸೆ ಜೊತೆಗೇ ತಾಟು ಹಾಕಿಕೊಳ್ಳುತ್ತಾರಂತೆ. ಟಿ.ಬಿ. ಬಂದಾಗ ಡಾಕ್ಟರ್ ಹೇಳಿದರು ಅಂತ ಅತ್ತೆಯೇ ಶುರುಮಾಡಿದರಂತೆ.

ಈಗ ಕಾಗದ ತೆಗೆಯಿರಿ. ಮೇಲಿನಿಂದ ಕೆಳಗೆ 1ರಿಂದ 10 ಬರೆಯಿರಿ. ನಿನ್ನೆ ನಿಮ್ಮ ತಾಟಿಗೆ ಯಾವ ಮನೆ ಬಂತೋ ಆ ಅಂಕಿಯ ಮುಂದೆ ಅದರ ಹೆಸರು ಬರೆಯಿರಿ. ರೊಟ್ಟಿ ಅಂತ ಬರೆಯಲು ಟ-ಗೆ ಟ ಒತ್ತು, ಮರೆಯಬೇಡಿ. ಬಾರದ ಮನೆ ಖಾಲಿ ಬಿಡಿ. ಪಕ್ಕದವರ ಕಾಗದ ನೋಡಬೇಡಿ, ನಿಮ್ಮದನ್ನು ತೋರಿಸಲೂ ಬೇಡಿ. ನಾನೂ ನೋಡುವುದಿಲ್ಲ. ಮಡಿಸಿ ಮನೆಗೆ ಒಯ್ಯಿರಿ. ಯಾರಿಗಾದರೂ ನನ್ನ ಜೊತೆ ಮಾತಾಡಬೇಕಿದ್ದರೆ ಸಭೆ ಮುಗಿದ ಮೇಲೆ ಅಲ್ಲಿ ಹಿಂದೆ, ಬಾವಿಯ ಹತ್ತಿರ ಕೂತಿರುತ್ತೇನೆ. ಒಬ್ಬೊಬ್ಬರಾಗಿ ಬನ್ನಿ.