ಏರ್ ಹಿಡಿದ ಎಂಜಿನ್

ಗ್ಯಾರೇಜಿಗೆ ತಾನಾಗಿಯೇ ಓಡಿಬಂದ ಕಾರು, ಕೆಲಸವೆಲ್ಲ ಮುಗಿದ ಮೇಲೆ ಸ್ಟಾರ್ಟೇ ಆಗುವುದಿಲ್ಲ. ಹೀಗಾಗುವುದುಂಟು, ಮಕ್ಕಳೇ. ಆಗ ಅನುಭವಿ ಮೆಕ್ಯಾನಿಕ್ ಇಡೀ ಎಂಜಿನ್ ಬಿಚ್ಚಲು ಹೋಗುವುದಿಲ್ಲ. 'ಕೊನೆಗೆ ಕೈ ಹಾಕಿದ್ದು ಎಲ್ಲಿಗೆ?' ಎಂದು ಕೇಳುತ್ತಾರೆ. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಕೆಟ್ಟರೆ, ನಡುವೆ ಏನು ಬದಲಾಯಿತೋ ಅದರ ಮೇಲೆಯೇ ಮೊದಲ ಅನುಮಾನ. ನನಗೆ ಇದು ಅಪ್ಪಟ ವಿಜ್ಞಾನ ಅನಿಸುತ್ತದೆ.

ಆಮೇಲೆ ಕಿವಿಯ ಕೆಲಸ. ಕೀ ತಿರುಗಿಸಿದಾಗ ಬರೀ 'ಟಕ್ ಟಕ್' ಎಂದರೆ ಬ್ಯಾಟರಿ ಇಳಿದಿರಬಹುದು, ಇಲ್ಲವೇ ಅದರ ಟರ್ಮಿನಲ್ ಸಡಿಲವಿರಬಹುದು. ಎಂಜಿನನ್ನು ಮೊದಲು ತಿರುಗಿಸುವ ಸೆಲ್ಫ್ ಮೋಟಾರು ಎಳೆಯುವ ಕರೆಂಟು ಸಾಮಾನ್ಯವಾಗಿ ನೂರು ಆಂಪಿಯರಿಗೂ ಹೆಚ್ಚು. ಸಡಿಲ ಜೋಡಣೆಯಲ್ಲಿ ಅಷ್ಟು ಹರಿಯದು. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಇರುವ ಮಂಗಳೂರಿನಲ್ಲಿ ಲೋಹಕ್ಕೆ ತುಕ್ಕು ಬೇಗ ಹಿಡಿಯುತ್ತದೆ, ಅದನ್ನೂ ನೋಡಬೇಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಏಳದಿದ್ದರೆ? ಅದು ಡೀಸೆಲ್ ಕಾರು, ಈಗಷ್ಟೇ ಡೀಸೆಲ್ ಫಿಲ್ಟರ್ ಬದಲಿಸಿದ್ದಾರೆ ಅಂದುಕೊಳ್ಳಿ. ಮಂಗಳೂರಿನ ಬಂದರಾದ ಧಕ್ಕೆಯ ಮೀನುಗಾರಿಕಾ ಬೋಟುಗಳಲ್ಲಿರುವುದೂ ಇದೇ ಬಗೆಯ ಎಂಜಿನ್. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಇದನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದರು. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಹದಿನೈದು ಇಪ್ಪತ್ತು ಪಟ್ಟು ಕಿರಿದಾದ ಜಾಗಕ್ಕೆ ತುಂಬುತ್ತದೆ. ಆಗ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. (ಚಕ್ರಕ್ಕೆ ಗಾಳಿ ತುಂಬಿದ ಮೇಲೆ ಸೈಕಲ್ ಪಂಪಿನ ತಳ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.) ಆ ಬಿಸಿಗಾಳಿಗೆ ಇಂಜೆಕ್ಟರ್ ಡೀಸೆಲನ್ನು ಮಂಜಿನಷ್ಟು ನುಣ್ಣಗೆ ಚಿಮ್ಮಿಸಿದೊಡನೆ ಬೆಂಕಿ ತಾನಾಗಿಯೇ ಹೊತ್ತುತ್ತದೆ.

ಚಿಮ್ಮಬೇಕಾದರೆ ಭಾರೀ ಒತ್ತಡ ಬೇಕು. ತೊಡಕು ಇರುವುದು ಇಲ್ಲೇ. ಫಿಲ್ಟರ್ ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಅದರಿಂದೇನು ತೊಂದರೆ ಎಂದು ನೋಡಲು, ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ. ಗುಳ್ಳೆ ಇರದಂತೆ ನೀರು ತುಂಬಿ ಒಂದನ್ನು ಒತ್ತಿ. ಇನ್ನೊಂದು ತಕ್ಷಣ ಹೊರಗೆ ಸರಿಯುತ್ತದೆ. ಈಗ ನೀರು ಚೆಲ್ಲಿ ಬರೀ ಗಾಳಿ ಉಳಿಸಿ, ಎರಡನೆಯದನ್ನು ಗೆಳತಿಗೆ ಬಿಗಿಯಾಗಿ ಹಿಡಿಯಲು ಹೇಳಿ. ನೀವು ಒತ್ತಿದಷ್ಟೂ ಒಳಗಿನ ಗಾಳಿ ಕುಗ್ಗುತ್ತದೆ, ಆ ಕಡೆಗೆ ಬಲ ಸರಿಯಾಗಿ ಮುಟ್ಟುವುದಿಲ್ಲ. ನೀರು, ಡೀಸೆಲ್‌ನಂಥ ದ್ರವಗಳು ಕುಗ್ಗುವುದು ತೀರಾ ಕಡಿಮೆ. ಗಾಳಿ ಸುಲಭವಾಗಿ ಕುಗ್ಗುತ್ತದೆ. ಹಾಗಾಗಿ ಡೀಸೆಲ್ ತಳ್ಳುವ ಪಂಪಿನ ಶ್ರಮವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿದು, ಇಂಜೆಕ್ಟರ್ ಬಾಯಿ ತೆರೆಯುವುದಿಲ್ಲ.

'ಏರ್ ಹಿಡಿದಿದೆ' ಎಂದು ಮೆಕ್ಯಾನಿಕ್ ಹೇಳುವುದು ಇದಕ್ಕೇ. ಹಳೆಯ ಎಂಜಿನ್‌ಗಳಲ್ಲಿ ಅವರು ಒಂದು ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾರೆ. ಮೊದಲು ನೊರೆ ಬರುತ್ತದೆ, ಬರಬರುತ್ತ ಗುಳ್ಳೆ ಕಡಿಮೆಯಾಗಿ ಶುದ್ಧ ಡೀಸೆಲ್ ಹರಿಯುತ್ತದೆ. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರೆ ಎಂಜಿನ್ ಎದ್ದಿತು!

ಪೆಟ್ರೋಲ್ ಕಾರಿನಲ್ಲಿ ಕಿಡಿಯದ್ದೇ ಪ್ರಶ್ನೆ. ನಾಲ್ಕು ಸಿಲಿಂಡರಿನ ಬಹಳಷ್ಟು ಎಂಜಿನ್‌ಗಳಲ್ಲಿ ಕಿಡಿ ಹಾರುವ ಸರದಿ 1, 3, 4, 2. ಹಳೆಯ ಕಾರುಗಳಲ್ಲಿ ಪ್ಲಗ್ ವಯರುಗಳು ಅದಲುಬದಲಾದರೆ ಪೆಟ್ರೋಲೂ ಇರುತ್ತದೆ, ಕಿಡಿಯೂ ಹಾರುತ್ತದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ. ಮಂಗಳೂರಿನ ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಓದುವ ಅಣ್ಣ ಅಕ್ಕಂದಿರು ಸಿಕ್ಕರೆ ಈ ಸರದಿಯ ಬಗ್ಗೆ ಕೇಳಿ. ಜಾಗ್ರತೆಯ ಮೆಕ್ಯಾನಿಕ್ ಅಂತೂ ಬಿಚ್ಚುವ ಮೊದಲೇ ಒಂದೊಂದು ವಯರಿಗೂ ಅಂಕಿ ಬರೆದ ಚೀಟಿ ಅಂಟಿಸಿರುತ್ತಾರೆ.